ಮೈಕ್ರೋಬಯಾಲಜಿ, ಇಮ್ಯುನಾಲಜಿಯಲ್ಲಿ ಪಿಎಚ್‌.ಡಿ.: ಅರ್ಜಿ ಹಾಕುವ ಮೊದಲು ಮತ್ತು ಸೇರಿದ ಮೇಲೆ

ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯಲ್ಲಿರುತ್ತವೆ. ‘ಪದವಿಯಲ್ಲಿ ಇಷ್ಟು ಅಂಕ ಬಂದಿದೆ. ಮೈಕ್ರೋಬಯಾಲಜಿ ಅಥವಾ ಇಮ್ಯುನಾಲಜಿಯಲ್ಲಿ ಪಿಎಚ್‌.ಡಿ. ಮಾಡಬೇಕೆಂದಿದ್ದೇನೆ. ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲಿ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಹೇಳಬೇಕಾದ್ದನ್ನೆಲ್ಲ ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ವಿಶ್ವವಿದ್ಯಾಲಯದ ಹೆಸರು ಕೊನೆಯಲ್ಲಿ ನೋಡಬೇಕಾದ ಸಂಗತಿ. ಯಾವ ಪ್ರಶ್ನೆಯ ಮೇಲೆ, ಯಾವ ಜೀವಿಯನ್ನು ಇಟ್ಟುಕೊಂಡು, ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂಬ ಮೂರು ಸಂಗತಿಗಳು ನಿಮ್ಮ ಮುಂದಿನ ನಾಲ್ಕಾರು ವರ್ಷಗಳನ್ನು ರೂಪಿಸುತ್ತವೆ. ಕೆಳಗಿನ ಹಂತಗಳಲ್ಲಿ ಬಹುಪಾಲು ಈ ಮೂರನ್ನು ಸರಿಯಾಗಿ ಆರಿಸಿಕೊಳ್ಳುವುದಕ್ಕೆ ಸಂಬಂಧಿಸಿದವು.

1. ಎರಡು ವಿಷಯಗಳು ಒಂದೇ ವಿಭಾಗದಲ್ಲಿ ಏಕಿವೆ?

ಮೈಕ್ರೋಬಯಾಲಜಿ ಎಂದರೆ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಮತ್ತು ಏಕಕೋಶ ಪರಾವಲಂಬಿಗಳ ಅಧ್ಯಯನ. ಇಮ್ಯುನಾಲಜಿ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನ. ಅನೇಕ ಕಡೆ ಇವೆರಡಕ್ಕೂ ಒಂದೇ ವಿಭಾಗವಿರುತ್ತದೆ. ಅದರ ಹಿಂದೆ ಗಟ್ಟಿಯಾದ ಕಾರಣವಿದೆ.

ಒಂದು ಉದಾಹರಣೆ ನೋಡಿ. ಒಂದೇ ತಳಿಯ ಇಲಿಗಳನ್ನು ಇಬ್ಬರು ಸರಬರಾಜುದಾರರಿಂದ ತರಿಸಿದಾಗ, ಒಂದು ಗುಂಪಿನ ಕರುಳಿನಲ್ಲಿ ಟಿಎಚ್17 ಎಂಬ ಬಗೆಯ ಟಿ ಜೀವಕೋಶಗಳು (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು) ಹೇರಳವಾಗಿದ್ದವು. ಇನ್ನೊಂದರಲ್ಲಿ ತೀರಾ ಕಡಿಮೆಯಿದ್ದವು. ತಳಿ ಒಂದೇ, ಆದರೆ ರೋಗನಿರೋಧಕ ವ್ಯವಸ್ಥೆ ಬೇರೆ. ಕರುಳಿನ ಗೋಡೆಗೆ ಅಂಟಿಕೊಂಡು ಎಳೆಯಂತೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಆ ಮೊದಲ ಗುಂಪಿನಲ್ಲಿ ಮಾತ್ರ ಇದ್ದದ್ದೇ ಕಾರಣವೆಂದು 2009ರಲ್ಲಿ ಗೊತ್ತಾಯಿತು. ಟಿ ಜೀವಕೋಶವನ್ನು ಮಾತ್ರ ಬಲ್ಲವರು ಈ ಒಗಟನ್ನು ಬಿಡಿಸುವಂತಿರಲಿಲ್ಲ. ಬ್ಯಾಕ್ಟೀರಿಯಾವನ್ನು ಮಾತ್ರ ಬಲ್ಲವರಿಗೆ ಅಲ್ಲೊಂದು ಒಗಟಿದೆ ಎಂದೇ ತಿಳಿಯುತ್ತಿರಲಿಲ್ಲ.

ಆದ್ದರಿಂದ ನೀವು ಯಾವ ಬದಿಯಿಂದ ಬಂದವರು ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಸೂಕ್ಷ್ಮಜೀವಿ ಏನು ಮಾಡುತ್ತದೆ ಎಂಬುದು ನಿಮ್ಮನ್ನು ಹಿಡಿದಿಟ್ಟಿದೆಯೇ, ಅಥವಾ ದೇಹ ಅದಕ್ಕೆ ಹೇಗೆ ಉತ್ತರ ಕೊಡುತ್ತದೆ ಎಂಬುದೇ? ಎರಡೂ ಎಂದಾದರೆ ಸೋಂಕಿನ ಅಧ್ಯಯನ, ಲಸಿಕೆ, ಕರುಳಿನ ಸೂಕ್ಷ್ಮಜೀವಿ ಸಮೂಹ ಇವು ನಿಮ್ಮ ನೆಲೆಗಳು. ಮೊದಲನೆಯದಷ್ಟೇ ಆದರೆ ಬ್ಯಾಕ್ಟೀರಿಯಾದ ತಳಿವಿಜ್ಞಾನ, ಔಷಧ ನಿರೋಧಕತೆ, ವೈರಸ್‌ಗಳ ರಚನೆ. ಎರಡನೆಯದಷ್ಟೇ ಆದರೆ ಸ್ವಯಂನಿರೋಧಕ ಕಾಯಿಲೆ, ಅಲರ್ಜಿ, ಕ್ಯಾನ್ಸರಿನ ಇಮ್ಯುನಾಲಜಿ.

2. ನಿಮಗೆ ಪಿಎಚ್‌.ಡಿ. ಬೇಕೇ?

ಇದನ್ನು ಬೇಗ ಮುಗಿಸುತ್ತೇನೆ. ರೋಗಪತ್ತೆ ಪ್ರಯೋಗಾಲಯ, ಔಷಧ ಮತ್ತು ಲಸಿಕೆ ತಯಾರಿಕೆಯ ಗುಣಮಟ್ಟ ವಿಭಾಗ, ನಿಯಂತ್ರಣ ಸಂಸ್ಥೆಯ ಕೆಲಸ ಇವುಗಳಲ್ಲಿ ಬಹಳಷ್ಟಕ್ಕೆ ಸ್ನಾತಕೋತ್ತರ ಪದವಿ ಸಾಕು. ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳಬೇಕು, ಉತ್ತರ ಸಿಗುವವರೆಗೆ ಸ್ವತಂತ್ರವಾಗಿ ಕೆಲಸ ಮಾಡಬೇಕು ಎಂಬ ಹಂಬಲವಿದ್ದರೆ ಮಾತ್ರ ಪಿಎಚ್‌.ಡಿ. ಮಾಡಿ. ‘ಎಂ.ಎಸ್ಸಿ. ಮುಗಿಯಿತು, ಮುಂದೇನು ಎಂದು ತೋಚಲಿಲ್ಲ’ ಎಂಬ ಕಾರಣಕ್ಕೆ ಸೇರಿದವರು ಮೂರನೆಯ ವರ್ಷ ತುಂಬ ನೋಯುತ್ತಾರೆ. ಅಂಥವರನ್ನು ಹತ್ತಿರದಿಂದ ಕಂಡಿದ್ದೇನೆ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ದೇಶದಿಂದ ದೇಶಕ್ಕೆ ಪದ್ಧತಿ ಬೇರೆ. ಅಮೆರಿಕದಲ್ಲಿ ಪದವಿಯ ನಂತರ ನೇರವಾಗಿ ಪಿಎಚ್‌.ಡಿ.ಗೆ ಸೇರಬಹುದು, ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುತ್ತದೆ, ಮೊದಲ ವರ್ಷ ತರಗತಿಗಳೂ ಇರುತ್ತವೆ. ಯುರೋಪಿನ ಹೆಚ್ಚಿನ ಕಡೆ ಮೊದಲು ಸ್ನಾತಕೋತ್ತರ ಪದವಿ ಬೇಕು. ಆಮೇಲೆ ಮೂರರಿಂದ ನಾಲ್ಕು ವರ್ಷ. ಅಲ್ಲಿ ಬಹಳ ಸಲ ಒಂದು ನಿರ್ದಿಷ್ಟ ಯೋಜನೆಗೆ ಹುದ್ದೆಯಂತೆ ಜಾಹೀರಾತು ಬರುತ್ತದೆ, ನೀವು ಆ ಯೋಜನೆಗೇ ಅರ್ಜಿ ಹಾಕುತ್ತೀರಿ. ಐರೋಪ್ಯ ಒಕ್ಕೂಟ ಹಣ ಕೊಡುವ ಮೇರಿ ಸ್ಕ್ಲೊಡೋವ್ಸ್ಕಾ ಕ್ಯೂರಿ ಡಾಕ್ಟರೇಟ್ ಜಾಲಗಳಿಗೆ ಅರ್ಜಿ ಹಾಕುವವರು ಒಂದು ನಿಯಮವನ್ನು ಗಮನಿಸಿ: ನೇಮಕಾತಿಗೆ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಾಗಿದ್ದವರಿಗೆ ಅವಕಾಶವಿಲ್ಲ. ಅದೇ ದೇಶದಲ್ಲಿ ಎಂ.ಎಸ್ಸಿ. ಮಾಡಿದವರು ಇದನ್ನು ತಿಳಿಯದೆ ಶ್ರಮ ಹಾಳುಮಾಡಿಕೊಳ್ಳುತ್ತಾರೆ.

ಯಾವ ದೇಶವೇ ಆಗಲಿ, ಪ್ರಯೋಗಾಲಯದ ವಿಜ್ಞಾನದಲ್ಲಿ ಸ್ವಂತ ಖರ್ಚಿನಲ್ಲಿ ಅಥವಾ ಸಾಲ ಮಾಡಿ ಪಿಎಚ್‌.ಡಿ. ಮಾಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿದ್ಯಾರ್ಥಿವೇತನವಾಗಲೀ ಸಂಬಳವಾಗಲೀ ಇಲ್ಲದ ಜಾಗದಲ್ಲಿ ಬಹಳ ಸಲ ರಾಸಾಯನಿಕ ಕೊಳ್ಳಲೂ ಹಣವಿರುವುದಿಲ್ಲ.

3. ಸಂಶೋಧನಾ ಲೇಖನ ಓದುವುದನ್ನು ಈಗಲೇ ಕಲಿಯಿರಿ

ಪಠ್ಯಪುಸ್ತಕದಿಂದ ಪರೀಕ್ಷೆ ಪಾಸಾಗಬಹುದು. ಸಂದರ್ಶನದಲ್ಲಿ ಕೇಳುವುದು ಲೇಖನದ ಬಗ್ಗೆ. ವೈದ್ಯ, ಜೀವವಿಜ್ಞಾನ ಲೇಖನಗಳ ಜಾಲಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ, ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್ ನೋಡಿ. (ಪ್ರಿಪ್ರಿಂಟ್ ಎಂದರೆ ತಜ್ಞರ ಪರಿಶೀಲನೆಗೆ ಮುಂಚೆಯೇ ಸಂಶೋಧಕರು ಎಲ್ಲರಿಗೂ ತೆರೆದಿಡುವ ಕರಡು.) ವಾರಕ್ಕೆ ಒಂದೇ ಲೇಖನ ಓದಿದರೂ ಸಾಕು, ಪೂರ್ತಿ ಓದಿ.

ಓದುವ ಕ್ರಮ ಹೀಗಿರಲಿ. ಸಾರಾಂಶದ ಮೇಲೆ ಕಣ್ಣಾಡಿಸಿ ನೇರವಾಗಿ ಚಿತ್ರಗಳಿಗೆ ಹೋಗಿ. ಪ್ರತಿ ಚಿತ್ರದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ: ಇಲ್ಲಿ ಅಳೆದದ್ದು ಏನು? ಯಾವುದರೊಂದಿಗೆ ಹೋಲಿಸಿದ್ದಾರೆ? ಲೇಖಕರು ಹೇಳುತ್ತಿರುವುದಲ್ಲದೆ ಬೇರೆ ಯಾವ ಕಾರಣದಿಂದ ಇದೇ ಫಲಿತಾಂಶ ಬರಬಹುದು?

ಫ್ಲೋ ಸೈಟೊಮೆಟ್ರಿಯನ್ನೇ ತೆಗೆದುಕೊಳ್ಳಿ. ಜೀವಕೋಶಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಕಿರಣದ ಮುಂದೆ ಹಾಯಿಸಿ, ಅವುಗಳಿಗೆ ಅಂಟಿಸಿದ ಬಣ್ಣದ ಪ್ರತಿಕಾಯಗಳ ಹೊಳಪನ್ನು ಅಳೆಯುವ ವಿಧಾನ ಇದು. ಇಮ್ಯುನಾಲಜಿಯ ಲೇಖನಗಳಲ್ಲಿ ಇದರ ಚುಕ್ಕಿ ಚಿತ್ರಗಳು ತುಂಬಿರುತ್ತವೆ. ‘ಸಿಡಿ4 ಟಿ ಜೀವಕೋಶ 8 ಪ್ರತಿಶತ ಹೆಚ್ಚಿತು’ (ಸಿಡಿ4 ಎಂಬುದು ಟಿ ಜೀವಕೋಶಗಳ ಒಂದು ಬಗೆ) ಎಂದು ಬರೆದಿದ್ದರೆ ಅಲ್ಲಿಗೇ ತಲೆದೂಗಬೇಡಿ. ಸತ್ತ ಜೀವಕೋಶಗಳನ್ನು ಹೊರಗಿಟ್ಟಿದ್ದಾರೆಯೇ? ಸತ್ತ ಜೀವಕೋಶಕ್ಕೆ ಯಾವ ಪ್ರತಿಕಾಯ ಬೇಕಾದರೂ ಅಂಟಿಕೊಳ್ಳುತ್ತದೆ. ಪ್ರತಿಕಾಯದ ಬಾಲವನ್ನು ಹಿಡಿದುಕೊಳ್ಳುವ ಎಫ್‌ಸಿ ಗ್ರಾಹಕಗಳನ್ನು ಮುಚ್ಚಿದ್ದಾರೆಯೇ? ‘ಇಲ್ಲಿಂದಾಚೆ ಇರುವುದೆಲ್ಲ ಬಣ್ಣ ಹಿಡಿದ ಜೀವಕೋಶ’ ಎಂದು ಗೆರೆ ಎಳೆದದ್ದು ಯಾವ ಆಧಾರದ ಮೇಲೆ? ಉಳಿದೆಲ್ಲ ಬಣ್ಣ ಹಾಕಿ ಆ ಒಂದನ್ನು ಮಾತ್ರ ಬಿಟ್ಟ ಮಾದರಿಯನ್ನು ಜೊತೆಗೆ ಓಡಿಸಿದ್ದರೆ ಆ ಗೆರೆಗೆ ಬೆಲೆಯಿದೆ. ಪ್ರತಿಶತ ಹೆಚ್ಚಿತೋ, ಜೀವಕೋಶಗಳ ಒಟ್ಟು ಸಂಖ್ಯೆ ಹೆಚ್ಚಿತೋ ಎಂದೂ ನೋಡಿ. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಕಡಿಮೆಯಾದರೆ ಟಿ ಜೀವಕೋಶ ಒಂದೂ ಹೆಚ್ಚದೆ ಅದರ ಪ್ರತಿಶತ ಏರುತ್ತದೆ.

ಹತ್ತು ಲೇಖನಗಳನ್ನು ಹೀಗೆ ಓದಿದ ಮೇಲೆ ನಿಮ್ಮ ಪ್ರಶ್ನೆಗಳ ಮಟ್ಟ ಬದಲಾಗಿರುವುದು ನಿಮಗೇ ಗೊತ್ತಾಗುತ್ತದೆ.

4. ಕೈಕೆಲಸದ ಅನುಭವ ಪಡೆಯಿರಿ

ಆಯ್ಕೆ ಸಮಿತಿಗಳು ಅಂಕಪಟ್ಟಿಯನ್ನು ನೋಡುತ್ತವೆ, ಆದರೆ ಅವು ಹುಡುಕುವುದು ಒಂದೇ ಸಮಸ್ಯೆಯ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿದ ಗುರುತನ್ನು. ಎರಡು ವಾರದ ನಾಲ್ಕು ಕಾರ್ಯಾಗಾರಗಳಿಗಿಂತ ಒಂದೇ ಪ್ರಯೋಗಾಲಯದಲ್ಲಿ ಕಳೆದ ಆರು ತಿಂಗಳು ಮೇಲು. ಸ್ಟೆರೈಲ್ ಕೆಲಸ, ಅಂದರೆ ಬೇರೆ ಸೂಕ್ಷ್ಮಜೀವಿ ಸೇರದಂತೆ ಮಾಡುವ ಕೆಲಸ, ಕೈಗೆ ಹತ್ತಿರಬೇಕು. ದ್ರಾವಣವನ್ನು ಹಂತಹಂತವಾಗಿ ತೆಳುಮಾಡಿ ತಟ್ಟೆಯ ಮೇಲೆ ಹರಡಿ ಬ್ಯಾಕ್ಟೀರಿಯಾ ಎಣಿಸುವುದು, ಪಿಸಿಆರ್ (ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡಿ ಪತ್ತೆಹಚ್ಚುವ ವಿಧಾನ), ಎಲೈಸಾ (ಪ್ರತಿಕಾಯದ ನೆರವಿನಿಂದ ಪ್ರೋಟೀನಿನಂಥವನ್ನು ಅಳೆಯುವ ವಿಧಾನ), ಜೀವಕೋಶ ಸಾಕಣೆ ಇವುಗಳಲ್ಲಿ ಎರಡನ್ನಾದರೂ ಯಾರ ಸಹಾಯವೂ ಇಲ್ಲದೆ ಮಾಡಲು ಬರಬೇಕು. ಜೊತೆಗೆ ಗಣಕದ ಭಾಷೆಗಳಾದ ಆರ್ ಅಥವಾ ಪೈಥಾನ್‌ನಲ್ಲಿ ಒಂದು ದತ್ತಾಂಶದ ಕಡತ ತೆರೆದು ನಕ್ಷೆ ಬಿಡಿಸುವಷ್ಟು ಕಲಿಯಿರಿ. ಜೀವಶಾಸ್ತ್ರಕ್ಕೆ ಗಣಕ ಬೇಡವೆಂಬ ಕಾಲ ಹೋಯಿತು.

ಹುಷಾರಾಗಿರಬೇಕಾದ ಜಾಗ: ಹಣ ಕಟ್ಟಿದರೆ ವಾರದೊಳಗೆ ಲೇಖನ ಪ್ರಕಟಿಸುತ್ತೇವೆ ಎನ್ನುವ ನಿಯತಕಾಲಿಕೆಗಳು. ಅಲ್ಲಿ ಪ್ರಕಟವಾದ ಲೇಖನ ನಿಮ್ಮ ಅರ್ಜಿಗೆ ಸಹಾಯ ಮಾಡುವುದಿಲ್ಲ, ಹಾನಿಯನ್ನೇ ಮಾಡುತ್ತದೆ. ಪ್ರಕಟಣೆ ಒಂದೂ ಇಲ್ಲದಿರುವುದು ಈ ಹಂತದಲ್ಲಿ ದೋಷವೇ ಅಲ್ಲ.

5. ಜೀವಿಯ ಗಡಿಯಾರ ನೋಡಿ ಪ್ರಯೋಗಾಲಯ ಆರಿಸಿ

ಈ ಹಂತದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಇ. ಕೋಲಿ ಬ್ಯಾಕ್ಟೀರಿಯಾ ಪುಷ್ಟಿಯಾದ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಂಜೆ ಹಚ್ಚಿದ ತಟ್ಟೆಯಲ್ಲಿ ಬೆಳಿಗ್ಗೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳು, ಅಂದರೆ ಕಾಲೊನಿಗಳಿರುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಇಮ್ಮಡಿಯಾಗಲು ಸುಮಾರು 20 ಗಂಟೆ ಬೇಕು. ತಟ್ಟೆಯ ಮೇಲೆ ಕಾಲೊನಿ ಕಾಣಲು ಮೂರು ವಾರ ಅಥವಾ ಅದಕ್ಕೂ ಹೆಚ್ಚು. ಇ. ಕೋಲಿಯಲ್ಲಿ ಪ್ರಯೋಗ ಕೆಟ್ಟರೆ ಒಂದು ದಿನ ಹೋಯಿತು. ಕ್ಷಯದ್ದರಲ್ಲಿ ಕೆಟ್ಟರೆ ಒಂದು ತಿಂಗಳು ಹೋಯಿತು. ಜೊತೆಗೆ ಕ್ಷಯದ ಕೆಲಸ ನಡೆಯುವುದು ಜೈವಿಕ ಸುರಕ್ಷತೆಯ ಮೂರನೆಯ ಮಟ್ಟದ ಪ್ರಯೋಗಾಲಯದಲ್ಲಿ. (ಈ ಮಟ್ಟಗಳು ಒಂದರಿಂದ ನಾಲ್ಕು, ಎಬೋಲಾದಂಥವು ನಾಲ್ಕನೆಯದರಲ್ಲಿ.) ತರಬೇತಿ ಮುಗಿಸಿ ಒಳಗೆ ಕಾಲಿಡಲು ಅನುಮತಿ ಸಿಗುವುದಕ್ಕೇ ತಿಂಗಳುಗಳು ಹಿಡಿಯಬಹುದು.

ಇಲಿಗಳ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸುತ್ತೇನೆ. ‘ಅ’ ಎಂಬ ಜೀನ್ ಇಲ್ಲದ ಒಂದು ತಳಿ ಇದೆ, ‘ಬ’ ಎಂಬ ಜೀನ್ ಇಲ್ಲದ ಇನ್ನೊಂದು ತಳಿ ಇದೆ. ಎರಡೂ ಇಲ್ಲದ ಇಲಿ ನಿಮಗೆ ಬೇಕು. ಮೊದಲ ಜೋಡಿ ಕೂಡಿಸಿದರೆ ಗರ್ಭ ಸುಮಾರು ಮೂರು ವಾರ. ಹುಟ್ಟಿದ ಮರಿಗಳೆಲ್ಲ ಎರಡೂ ಜೀನ್‌ಗಳ ಒಂದೊಂದು ಒಳ್ಳೆಯ ಪ್ರತಿ ಇಟ್ಟುಕೊಂಡಿರುತ್ತವೆ, ಪ್ರಯೋಗಕ್ಕೆ ಬಾರವು. ಅವು ಮರಿ ಹಾಕುವ ವಯಸ್ಸಿಗೆ ಬರಲು ಆರರಿಂದ ಎಂಟು ವಾರ. ಅವನ್ನೇ ಒಂದರೊಡನೊಂದು ಕೂಡಿಸಿ, ಮತ್ತೆ ಮೂರು ವಾರ. ಈ ಎರಡನೆಯ ಪೀಳಿಗೆಯಲ್ಲಿ ಎರಡೂ ಜೀನ್ ಇಲ್ಲದ ಮರಿ ಹುಟ್ಟುವ ಸಾಧ್ಯತೆ 16ರಲ್ಲಿ 1. ಒಂದು ಸೂಲಿಗೆ ಆರೆಂಟು ಮರಿಗಳೆಂದರೆ, ಎರಡು ಮೂರು ಸೂಲಿನಲ್ಲಿ ನಿಮಗೆ ಸಿಗುವುದು ಸರಾಸರಿ ಒಂದು. ಪ್ರಯೋಗಕ್ಕೆ ಬೇಕಾಗುವುದು ಒಂದೇ ವಯಸ್ಸಿನ, ಒಂದೇ ಲಿಂಗದ ಕನಿಷ್ಠ ಹತ್ತು. ಆದ್ದರಿಂದ ಸಿಕ್ಕವನ್ನು ಬೆಳೆಸಿ ಮತ್ತೆ ಕೂಡಿಸಬೇಕು, ಆ ಮರಿಗಳು ದೊಡ್ಡವಾಗಬೇಕು. ಎಲ್ಲವೂ ಸುಸೂತ್ರವಾಗಿ ನಡೆದರೂ ಆರೇಳು ತಿಂಗಳು! ಎರಡು ಜೀನ್‌ಗಳು ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇದ್ದರೆ ಈ ಲೆಕ್ಕವೂ ನಡೆಯುವುದಿಲ್ಲ, ಇನ್ನೂ ಹೆಚ್ಚು ಕಾಲ ಬೇಕು.

ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ನಿಧಾನದ ಜೀವಿಯೊಂದಿಗೆ ಕೆಲಸ ಮಾಡುವವರಿಲ್ಲದೆ ಕ್ಷಯಕ್ಕೆ ಹೊಸ ಔಷಧ ಬರುವುದಿಲ್ಲ. ಆದರೆ ಸೇರುವ ಮೊದಲು ಮಾರ್ಗದರ್ಶಕರನ್ನು ಇಷ್ಟು ಕೇಳಿ: ಇಲಿಗಳು ಈಗಾಗಲೇ ಸಿದ್ಧ ಇವೆಯೇ, ನಾನು ತಯಾರಿಸಬೇಕೇ? ಒಂದು ಸಲದ ಪ್ರಯೋಗ ಮುಗಿಯಲು ಎಷ್ಟು ದಿನ? ನಿಧಾನದ ಯೋಜನೆಯ ಜೊತೆಗೆ ಬೇಗ ಫಲ ಕೊಡುವ ಇನ್ನೊಂದು ಚಿಕ್ಕ ಯೋಜನೆ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ‘ಹೌದು’ ಎನ್ನುವ ಮಾರ್ಗದರ್ಶಕರು ವಿದ್ಯಾರ್ಥಿಯ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು.

6. ಮಾರ್ಗದರ್ಶಕರಿಗೆ ಪತ್ರ

ಎಪ್ಪತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ. ಎಂಟೋ ಹತ್ತೋ ಜನರಿಗೆ, ಒಬ್ಬೊಬ್ಬರ ಕೆಲಸ ಓದಿಕೊಂಡು, ಅರ್ಧ ಪುಟ ಬರೆಯಿರಿ. ‘ಗೌರವಾನ್ವಿತರೇ, ನಿಮ್ಮ ಮಹತ್ವದ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ’ ಎಂಬ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ, ಆದ್ದರಿಂದ ಯಾರನ್ನೂ ಮುಟ್ಟುವುದಿಲ್ಲ. ಹೀಗೆ ಬರೆದು ನೋಡಿ:

‘ನಿಮ್ಮ ಲೇಖನದ ಮೂರನೆಯ ಚಿತ್ರದಲ್ಲಿ ಸೋಂಕಿನ ಏಳನೆಯ ದಿನ ಬ್ಯಾಕ್ಟೀರಿಯಾ ಸಂಖ್ಯೆ ಇಳಿದಿದ್ದರೂ ಶ್ವಾಸಕೋಶದ ಉರಿಯೂತ ಇಳಿದಿಲ್ಲ. ಉಳಿದಿರುವುದು ಸತ್ತ ಬ್ಯಾಕ್ಟೀರಿಯಾದ ತುಣುಕುಗಳಿಗೆ ಬಂದ ಪ್ರತಿಕ್ರಿಯೆಯೇ ಎಂದು ತಿಳಿಯುವ ಆಸೆ ನನಗಿದೆ. ನಾನು ಎಂಟು ತಿಂಗಳು ಮ್ಯಾಕ್ರೊಫೇಜ್ ಸಾಕಣೆ ಮಾಡಿದ್ದೇನೆ. ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ?’

ಮ್ಯಾಕ್ರೊಫೇಜ್ ಎಂದರೆ ಸೂಕ್ಷ್ಮಜೀವಿಗಳನ್ನು ನುಂಗಿ ಅರಗಿಸುವ ರಕ್ಷಣಾ ಜೀವಕೋಶ. ಇಲ್ಲಿ ಹೊಗಳಿಕೆ ಇಲ್ಲ, ಆದರೆ ಓದಿದ್ದೀರಿ ಎಂಬುದಕ್ಕೆ ಸಾಕ್ಷಿ ಇದೆ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಮತ್ತೆ ಬಿಟ್ಟುಬಿಡಿ. ಉತ್ತರ ಬಾರದಿರುವುದಕ್ಕೆ ನಿಮ್ಮ ಯೋಗ್ಯತೆ ಕಾರಣವಾಗಿರಬೇಕೆಂದಿಲ್ಲ.

7. ಅರ್ಜಿ

ಸೇರಬೇಕಾದ ದಿನಕ್ಕೆ ಒಂದೂವರೆ ವರ್ಷ ಮುಂಚೆ ಶುರುಮಾಡಿ. ಅಮೆರಿಕದ ಹೆಚ್ಚಿನ ಕಾರ್ಯಕ್ರಮಗಳಿಗೆ ಕೊನೆಯ ದಿನಾಂಕ ಡಿಸೆಂಬರ್‌ನ ಸುಮಾರಿಗೆ ಬರುತ್ತದೆ, ಸಂದರ್ಶನ ಅದರ ನಂತರದ ಎರಡು ಮೂರು ತಿಂಗಳಲ್ಲಿ. ಅಲ್ಲಿನ ಅನೇಕ ಪದವಿ ಸಂಸ್ಥೆಗಳು ಒಪ್ಪಿಕೊಂಡಿರುವ ನಿರ್ಣಯದಂತೆ, ಆರ್ಥಿಕ ನೆರವಿನೊಂದಿಗೆ ಬಂದ ಆಹ್ವಾನಕ್ಕೆ ಉತ್ತರ ಕೊಡಲು ನಿಮಗೆ ಏಪ್ರಿಲ್ 15ರವರೆಗೆ ಕಾಲವಿರುತ್ತದೆ. ಅದಕ್ಕೂ ಮುಂಚೆ ಒತ್ತಡ ಹೇರಿದರೆ, ಆ ಸಂಸ್ಥೆ ಈ ನಿರ್ಣಯಕ್ಕೆ ಸಹಿ ಹಾಕಿದೆಯೇ ಎಂದು ವಿನಯದಿಂದ ಕೇಳಿ. ಪದವಿಯ ಮೇಲಿನ ಓದಿನ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯನ್ನು ಜೀವವಿಜ್ಞಾನದ ಹಲವು ಕಾರ್ಯಕ್ರಮಗಳು ಕೈಬಿಟ್ಟಿವೆ. ಹಣ ಕಟ್ಟುವ ಮೊದಲು ಪ್ರತಿಯೊಂದರ ಈ ವರ್ಷದ ನಿಯಮ ನೋಡಿ. ಇಂಗ್ಲಿಷ್ ಪರೀಕ್ಷೆ ಮಾತ್ರ ಹೊರದೇಶದವರಿಗೆ ಸಾಮಾನ್ಯವಾಗಿ ಬೇಕು.

ಉದ್ದೇಶ ಪತ್ರದಲ್ಲಿ ಎಲ್ಲರೂ ಎಡವುವುದು ಮೊದಲ ಸಾಲಿನಲ್ಲೇ. ‘ಬಾಲ್ಯದಿಂದಲೂ ನನಗೆ ಸೂಕ್ಷ್ಮಜೀವಿಗಳೆಂದರೆ ಕುತೂಹಲ’ ಎಂದು ಬರೆದರೆ ಓದುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಇದನ್ನು ಓದಿ: ‘ಬ್ಯಾಕ್ಟೀರಿಯಾಗಳು ಗುಂಪಾಗಿ ಅಂಟಿಕೊಂಡು ಕಟ್ಟುವ ಜೈವಿಕ ಪೊರೆಯನ್ನು (ಬಯೋಫಿಲ್ಮ್) ಬಣ್ಣ ಹಾಕಿ ಅಳೆಯುತ್ತಿದ್ದಾಗ 96 ಗುಳಿಗಳ ತಟ್ಟೆಯ ಅಂಚಿನ ಸಾಲುಗಳಲ್ಲಿ ಮಾತ್ರ ಯಾವಾಗಲೂ ಬೇರೆ ಅಂಕಿ ಬರುತ್ತಿತ್ತು. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ ಎಂದು ಶಂಕಿಸಿ, ಅಂಚಿನ ಗುಳಿಗಳಿಗೆ ಬರೀ ನೀರು ತುಂಬಿ ಒಳಗಿನವುಗಳಲ್ಲಿ ಮಾತ್ರ ಪ್ರಯೋಗ ಮಾಡಿದೆ. ಅಲ್ಲಿಯವರೆಗೆ ಕಂಡಿದ್ದ ವ್ಯತ್ಯಾಸದಲ್ಲಿ ಅರ್ಧ ಮಾಯವಾಯಿತು.’ ಫಲಿತಾಂಶ ಚಿಕ್ಕದಾಯಿತು, ಆದರೆ ಬರೆದವರು ಯೋಚಿಸುವ ಬಗೆ ಕಣ್ಣಿಗೆ ಕಟ್ಟಿತು. ಆಯ್ಕೆ ಸಮಿತಿಗೆ ಬೇಕಾದದ್ದು ಅದು.

ಶಿಫಾರಸು ಪತ್ರ ಕೊಡುವವರು ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಾಗಿರಲಿ. ನಿಮ್ಮ ಹೆಸರೂ ನೆನಪಿಲ್ಲದ ಕುಲಪತಿಗಳ ಪತ್ರಕ್ಕಿಂತ, ದಿನವೂ ಪಕ್ಕದಲ್ಲಿ ನಿಂತು ಕಲಿಸಿದ ಕಿರಿಯ ಅಧ್ಯಾಪಕರ ಪತ್ರಕ್ಕೆ ತೂಕ ಹೆಚ್ಚು. ಆರು ವಾರ ಮುಂಚೆ ಕೇಳಿ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎಂದರೆ ಬೇರೆಯವರನ್ನು ಹುಡುಕಿ. ಸಾಧ್ಯವೇ ಇಲ್ಲದಿದ್ದರೆ, ನೀವು ಮಾಡಿದ ಕೆಲಸದ ಅಂಶಗಳ ಪಟ್ಟಿಯನ್ನಷ್ಟೇ ಕೊಟ್ಟು ಪತ್ರವನ್ನು ಅವರೇ ಬರೆಯಲೆಂದು ಕೋರಿ.

8. ಸಂದರ್ಶನ: ನೀವೂ ಪ್ರಶ್ನೆ ಕೇಳಬೇಕು

ನಿಮ್ಮ ಯೋಜನೆಯನ್ನು ಎರಡು ನಿಮಿಷದಲ್ಲಿ, ಒಂದೂ ಚಿತ್ರವಿಲ್ಲದೆ ಹೇಳುವುದನ್ನು ಅಭ್ಯಾಸ ಮಾಡಿ. ‘ಇದು ಫಲಿಸದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಖಂಡಿತ ಕೇಳುತ್ತಾರೆ. ತಿಳಿಯದ್ದನ್ನು ತಿಳಿಯದು ಎನ್ನಿ, ಆಮೇಲೆ ಹೇಗೆ ತಿಳಿದುಕೊಳ್ಳುತ್ತೀರೆಂದು ಹೇಳಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಪ್ರಯೋಗಾಲಯದ ವಿದ್ಯಾರ್ಥಿಗಳೊಂದಿಗೆ ಮಾರ್ಗದರ್ಶಕರು ಇಲ್ಲದಿರುವಾಗ ಮಾತನಾಡಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು? ಮಧ್ಯದಲ್ಲಿ ಬಿಟ್ಟುಹೋದವರು ಇದ್ದಾರೆಯೇ, ಏಕೆ? ಮಾರ್ಗದರ್ಶಕರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ? ಫಲಿತಾಂಶ ನಿರೀಕ್ಷೆಗೆ ವಿರುದ್ಧ ಬಂದಾಗ ಅವರ ಮುಖ ಹೇಗಿರುತ್ತದೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಬೇಡವಾದ ಫಲಿತಾಂಶ ತಂದಾಗ ಸಿಡುಕುವ ಮಾರ್ಗದರ್ಶಕರ ಬಳಿ ವಿದ್ಯಾರ್ಥಿಗಳು ನಿಧಾನವಾಗಿ ಬೇಕಾದ ಫಲಿತಾಂಶವನ್ನೇ ತರಲು ಶುರುಮಾಡುತ್ತಾರೆ. ಅಲ್ಲಿಂದ ವಿಜ್ಞಾನ ಕೆಡುತ್ತದೆ.

ಅಮೆರಿಕದ ಮಾದರಿಯಲ್ಲಿ ಇದನ್ನು ತಿಳಿಯಲು ರೊಟೇಶನ್ ಎಂಬ ಒಳ್ಳೆಯ ವ್ಯವಸ್ಥೆ ಇದೆ: ಮೊದಲ ವರ್ಷ ಮೂರು ಬೇರೆ ಪ್ರಯೋಗಾಲಯಗಳಲ್ಲಿ ಎರಡು ಮೂರು ತಿಂಗಳಂತೆ ಕೆಲಸ ಮಾಡಿ ಆಮೇಲೆ ಆರಿಸುವುದು. ಅಲ್ಲಿ ಫಲಿತಾಂಶಕ್ಕಾಗಿ ಒದ್ದಾಡಬೇಡಿ, ಜನರನ್ನು ನೋಡಿ.

9. ಸೇರಿದ ಮೊದಲ ವರ್ಷ

ಸುರಕ್ಷತೆಯಿಂದ ಆರಂಭಿಸಿ. ಮನುಷ್ಯರ ರಕ್ತದೊಂದಿಗೆ ಕೆಲಸವಿದ್ದರೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿರಲಿ. ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಸೇವಿಸುತ್ತಿದ್ದರೆ ಅಥವಾ ಗರ್ಭಿಣಿಯಾಗುವ ಯೋಚನೆ ಇದ್ದರೆ ಸಂಸ್ಥೆಯ ವೈದ್ಯರಿಗೆ ಗುಟ್ಟಾಗಿ ತಿಳಿಸಿ. ಲಿಸ್ಟೀರಿಯಾ, ಟಾಕ್ಸೊಪ್ಲಾಸ್ಮಾದಂಥ ರೋಗಾಣುಗಳು ಬೇರೆಯವರಿಗಿಂತ ನಿಮಗೆ ಹೆಚ್ಚು ಅಪಾಯ. ಇಲಿಗಳ ಕೋಣೆಗೆ ಮೊದಲ ದಿನದಿಂದಲೇ ಮುಖಗವಸು ಹಾಕಿ. ಇಲಿಗಳಿಂದ ಬರುವ ಅಲರ್ಜಿ ಒಮ್ಮೆ ಅಂಟಿದರೆ ಮತ್ತೆ ಬಿಡುವುದು ಕಷ್ಟ.

ಇನ್ನು ವಿಜ್ಞಾನದ ಹೊಂಡಗಳು. ವರ್ಷಗಟ್ಟಲೆ ಕೆಲಸ ನುಂಗಿಹಾಕುವ ಮೂರನ್ನು ಹೇಳುತ್ತೇನೆ.

ಮೊದಲನೆಯದು ಎಂಡೊಟಾಕ್ಸಿನ್. ನೀವು ಇ. ಕೋಲಿಯಲ್ಲಿ ಒಂದು ಪ್ರೋಟೀನ್ ತಯಾರಿಸಿ ಮ್ಯಾಕ್ರೊಫೇಜ್‌ಗಳಿಗೆ ಕೊಟ್ಟಿರಿ. ಅವು ಉರಿಯೂತದ ಸಂಕೇತಗಳನ್ನು ಧಾರಾಳವಾಗಿ ಸುರಿಸಿದವು. ಪ್ರೋಟೀನ್ ಕೆಲಸ ಮಾಡಿತೆಂದು ಸಂಭ್ರಮಿಸುವ ಮೊದಲು ತಡೆಯಿರಿ. ಇ. ಕೋಲಿಯ ಹೊರಪೊರೆಯಲ್ಲಿ ಎಲ್‌ಪಿಎಸ್ ಎಂಬ ವಸ್ತುವಿದೆ (ಎಂಡೊಟಾಕ್ಸಿನ್ ಎಂದರೆ ಇದೇ), ಅದು ಪ್ರೋಟೀನಿನ ಜೊತೆ ಅಂಟಿಕೊಂಡೇ ಬರುತ್ತದೆ. ಎಲ್‌ಪಿಎಸ್‌ಗೆ ಪ್ರತಿಕ್ರಿಯೆ ತೋರದ ಇಲಿಗಳ ಬೆನ್ನು ಹತ್ತಿ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ಅವರ ತಂಡ 1998ರಲ್ಲಿ ಅದನ್ನು ಗುರುತಿಸುವ ಜೀವಕೋಶದ ಗ್ರಾಹಕ ಟಿಎಲ್‌ಆರ್4 ಎಂದು ಕಂಡುಹಿಡಿಯಿತು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಆ ಗ್ರಾಹಕಕ್ಕೆ ಎಲ್‌ಪಿಎಸ್‌ನ ಸುಳಿವು ಸಿಕ್ಕರೂ ಸಾಕು. ಪ್ರೋಟೀನನ್ನು ಕುದಿಸಿ ಮತ್ತೆ ಕೊಟ್ಟು ನೋಡಿ: ಹೆಚ್ಚಿನ ಪ್ರೋಟೀನುಗಳು ಕುದಿಸಿದರೆ ಕೆಡುತ್ತವೆ, ಎಲ್‌ಪಿಎಸ್ ಕೆಡುವುದಿಲ್ಲ. ಪ್ರತಿಕ್ರಿಯೆ ಹಾಗೇ ಉಳಿದರೆ ನೀವು ನೋಡುತ್ತಿದ್ದದ್ದು ಬಹುತೇಕ ಕಲಬೆರಕೆಯನ್ನು. ಟಿಎಲ್‌ಆರ್4 ಇಲ್ಲದ ಜೀವಕೋಶಗಳಲ್ಲೂ ಪರೀಕ್ಷಿಸಿ.

ಎರಡನೆಯದು ಮೈಕೊಪ್ಲಾಸ್ಮಾ, ಕೋಶಭಿತ್ತಿ ಇಲ್ಲದ ಬ್ಯಾಕ್ಟೀರಿಯಾ. ಕೋಶಭಿತ್ತಿಯನ್ನು ಹೊಡೆಯುವ ಪೆನಿಸಿಲಿನ್ ಇದರ ಮುಂದೆ ಸೋಲುತ್ತದೆ. ಇದು ಸೇರಿದ ಜೀವಕೋಶದ ಮಾಧ್ಯಮ ಮಬ್ಬಾಗುವುದಿಲ್ಲ, ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಜೀವಕೋಶದ ವರ್ತನೆ ಮಾತ್ರ ಬದಲಾಗುತ್ತದೆ. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಬೇರೆ ಪ್ರಯೋಗಾಲಯದಿಂದ ಬಂದ ಜೀವಕೋಶವನ್ನು ಪರೀಕ್ಷೆ ಮುಗಿಯುವವರೆಗೆ ಪ್ರತ್ಯೇಕ ಪೆಟ್ಟಿಗೆಯಲ್ಲಿಡಿ.

ಮೂರನೆಯದು ಎಣಿಕೆ. ಒಂದು ಇಲಿಯಿಂದ ತೆಗೆದ ಜೀವಕೋಶಗಳನ್ನು ಮೂರು ಗುಳಿಗಳಲ್ಲಿ ಹಾಕಿದರೆ ನಿಮ್ಮ ಬಳಿ ಮೂರು ಮಾದರಿಗಳಿಲ್ಲ, ಒಂದಿದೆ. ಆ ಮೂರು ಗುಳಿಗಳು ಹೇಳುವುದು ನಿಮ್ಮ ಪಿಪೆಟ್ ಹಿಡಿಯುವ ಕೈ ಎಷ್ಟು ಸ್ಥಿರ ಎಂಬುದನ್ನು. ಇಲಿಗಳಲ್ಲಿ ಇನ್ನೊಂದು ತೊಡಕಿದೆ: ಅವು ಒಂದರ ಹಿಕ್ಕೆಯನ್ನೊಂದು ತಿನ್ನುವುದರಿಂದ ಒಂದೇ ಪಂಜರದ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ತರಹ ಆಗುತ್ತವೆ. ಜೀನ್ ಇಲ್ಲದವುಗಳನ್ನೆಲ್ಲ ಒಂದು ಪಂಜರದಲ್ಲಿ, ಇರುವವುಗಳನ್ನೆಲ್ಲ ಇನ್ನೊಂದರಲ್ಲಿ ಇಟ್ಟು ಹೋಲಿಸಿದರೆ ನೀವು ಹೋಲಿಸಿದ್ದು ಪಂಜರಗಳನ್ನೇ ಇರಬಹುದು. ಒಡಹುಟ್ಟಿದ ಮರಿಗಳನ್ನು ಒಟ್ಟಿಗೆ ಬೆಳೆಸಿ, ಅವುಗಳ ನಡುವೆಯೇ ಹೋಲಿಸಿ. ಮೊದಲ ಹಂತದಲ್ಲಿ ಹೇಳಿದ ಆ ಎರಡು ಸರಬರಾಜುದಾರರ ಇಲಿಗಳನ್ನು ಇಲ್ಲಿ ನೆನಪಿಸಿಕೊಳ್ಳಿ.

10. ಎರಡನೆಯ ವರ್ಷದಿಂದ ಮುಗಿಯುವವರೆಗೆ

ಎರಡನೆಯ ವರ್ಷದ ಸುಮಾರಿಗೆ ಅನೇಕ ಕಡೆ ಅರ್ಹತಾ ಪರೀಕ್ಷೆ ಇರುತ್ತದೆ: ನಿಮ್ಮ ಯೋಜನೆಯನ್ನು ಬರೆದು, ಸಮಿತಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ಸಮಿತಿಯಲ್ಲಿ ಕನಿಷ್ಠ ಒಬ್ಬರು ನಿಮ್ಮ ಮಾರ್ಗದರ್ಶಕರಿಗೆ ‘ಇಲ್ಲ’ ಎನ್ನಬಲ್ಲವರಾಗಿರಲಿ. ಪ್ರಯೋಗಾಲಯದೊಳಗೆ ತೊಂದರೆ ಬಂದ ದಿನ ಅವರೇ ನಿಮಗೆ ಆಸರೆ.

ಲೇಖನದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಕೆಲಸ ಶುರುವಾಗುವಾಗಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಕೊನೆಯಲ್ಲಿ ಕೇಳಿದವರಿಗೆ ಮನಸ್ತಾಪವೇ ಉಳಿಯುತ್ತದೆ.

ದಿನಚರಿ ಪುಸ್ತಕದಲ್ಲಿ ಪ್ರತಿಕಾಯದ ಹೆಸರಷ್ಟೇ ಬರೆದರೆ ಸಾಲದು. ಕ್ಲೋನ್ ಸಂಖ್ಯೆ, ಲಾಟ್ ಸಂಖ್ಯೆ, ಎಷ್ಟು ತೆಳುಮಾಡಿದಿರಿ ಎಲ್ಲವೂ ಇರಲಿ. ಎರಡು ವರ್ಷದ ನಂತರ ಪರಿಶೀಲಕರು ಪ್ರಯೋಗ ಮತ್ತೆ ಮಾಡಿ ಎಂದಾಗ ಇವು ಬೇಕಾಗುತ್ತವೆ. ಫಲಿಸದ ಪ್ರಯೋಗವನ್ನೂ ಅದೇ ದಿನ ಬರೆಯಿರಿ. ತಯಾರಿಸಿದ ಪ್ರತಿ ಬ್ಯಾಕ್ಟೀರಿಯಾ ತಳಿಯನ್ನೂ ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ, ಜೀವಕೋಶಗಳನ್ನು ದ್ರವ ನೈಟ್ರೊಜನ್‌ನಲ್ಲಿ, ಕಡಿಮೆಯೆಂದರೆ ಎರಡು ಬೇರೆ ಜಾಗಗಳಲ್ಲಿ ಇಡಿ. ಫ್ರೀಜರ್ ಕೆಡುವುದು ಯಾವಾಗಲೂ ರಜೆಯ ದಿನವೇ.

ಮಹಾಪ್ರಬಂಧ ಬರೆಯಲು ಆರು ತಿಂಗಳು ತೆಗೆದಿಡಿ. ವಿಧಾನಗಳ ಅಧ್ಯಾಯವನ್ನು ಮಾತ್ರ ಮೂರನೆಯ ವರ್ಷದಿಂದಲೇ ತುಂಬಿಸುತ್ತ ಬನ್ನಿ. ಹೊರಡುವ ವಾರ ಒಂದು ಪಟ್ಟಿ ಮಾಡಿ: ನಿಮ್ಮ ಯಾವ ತಳಿ ಯಾವ ಫ್ರೀಜರ್‌ನ ಯಾವ ಪೆಟ್ಟಿಗೆಯ ಎಷ್ಟನೆಯ ಸಾಲಿನಲ್ಲಿದೆ, ಅದು ಯಾವ ಔಷಧಕ್ಕೆ ನಿರೋಧಕ, ಅದನ್ನು ಪರೀಕ್ಷಿಸಿದ ದಿನಾಂಕ ಯಾವುದು. ಅದರ ಒಂದು ಪ್ರತಿ ಮಾರ್ಗದರ್ಶಕರಿಗೆ, ಒಂದು ನಿಮ್ಮ ಜಾಗಕ್ಕೆ ಬರುವ ಹೊಸ ವಿದ್ಯಾರ್ಥಿಗೆ.